ಹಿರಿಯರ ಡೇಕೇರ್: ನಾನು ಮೊದಲು ನೋಡಿದ್ದು ಬಚ್ಚಲುಮನೆ

ಮೈಸೂರಿನಲ್ಲಿ ಹಿರಿಯರಿಗೆ ಡೇಕೇರ್ ತೆರೆಯುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು, ಯೋಗ ಇರುತ್ತಾ, ಭಜನೆ ಇರುತ್ತಾ ಅಂತ. ಎರಡೂ ಇವೆ. ಆದರೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಬಚ್ಚಲುಮನೆ ಮತ್ತು ಹಿರಿಯರನ್ನು ಕರೆತಂದು ಬಿಡುವ ವ್ಯಾನು ಸರಿಯಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಸುಮ್ನೆ ಅಂತ ಗೊತ್ತಿತ್ತು.

ಬಾಡಿಗೆ ಮನೆ ನೋಡೋಕೆ ಟೇಪು ಹಿಡಿದೇ ಹೋಗುತ್ತಿದ್ದೆ. ವೀಲ್‌ಚೇರ್ ಸಲೀಸಾಗಿ ಹತ್ತಬೇಕಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಹಳೇ ಮನೆಯ ಜಗಲಿ 2 ಅಡಿ ಇದ್ದರೆ 24 ಅಡಿ! ಗೇಟಿನಿಂದ ಬಾಗಿಲಿಗೆ ಅಷ್ಟು ಜಾಗ ಎಲ್ಲಿರುತ್ತೆ? ಒಳ್ಳೊಳ್ಳೆ ಮನೆಗಳನ್ನು ಇದೊಂದಕ್ಕೇ ಬಿಟ್ಟೆ. ಬಚ್ಚಲಿನ ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಿದೆ. ಯಾರಾದರೂ ಒಳಗೆ ಬಿದ್ದು ಬಾಗಿಲಿಗೆ ಅಡ್ಡವಾದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳೋಕಾಗಲ್ಲ. ಗೋಡೆಗೆ ಹಿಡಿಕೆ ಕೂರಿಸಲು ಟೈಲ್ಸ್ ಕೊರೆಯಬೇಕಲ್ವಾ, ಅದಕ್ಕೆ ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿದೆ. ಬಾಗಿಲ ಬಳಿ ಕಪ್ಪು ಕಾಲೊರೆಸು ಹಾಕಿಲ್ಲ. ಮರೆವಿನ ಕಾಯಿಲೆ ಇರುವ ಕೆಲವರಿಗೆ ಅದು ಗುಂಡಿಯ ಹಾಗೆ ಕಾಣುತ್ತೆ, ದಾಟೋಕೆ ಹೆದರುತ್ತಾರೆ.

ಕಾಗದಪತ್ರ ಅಷ್ಟೇನೂ ಕಷ್ಟವಾಗಲಿಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ, ಇನ್ಶೂರೆನ್ಸ್. ರಾತ್ರಿ ಉಳಿಸಿಕೊಳ್ಳಲ್ಲ ಅಂತ ಮೊದಲೇ ತೀರ್ಮಾನಿಸಿದ್ದರಿಂದ ಇಷ್ಟರಲ್ಲೇ ಮುಗಿಯಿತು.

ಜನರನ್ನು ಒಪ್ಪಿಸೋದು ಬೇರೆಯೇ ಕತೆ. ದುಡ್ಡು ಕೊಡೋರು ಮಕ್ಕಳು, ಬರಬೇಕಾದವರು ಅಪ್ಪ ಅಮ್ಮ. ರಿಟೈರ್ಡ್ ಮೇಷ್ಟ್ರೊಬ್ಬರು ಮಗಳನ್ನು ನನ್ನೆದುರೇ ಕೇಳಿದರು, "ನನ್ನನ್ನೇನು ಅಂಗನವಾಡಿಗೆ ಸೇರಿಸ್ತಿದೀಯಾ?" ಮಗಳ ಮುಖ ಚಿಕ್ಕದಾಯಿತು. "ಸೇರೋದು ಬೇಡ ಸಾರ್, ಇಲ್ಲಿ ಪೇಪರ್ ಓದಿ ಹೇಳೋರಿಲ್ಲ, ಒಂದಿನ ಬಂದು ಓದಿ" ಅಂದೆ. ಬಂದರು. ಓದುವುದಕ್ಕಿಂತ ಸಂಪಾದಕೀಯದ ತಪ್ಪು ತಿದ್ದಿದ್ದೇ ಜಾಸ್ತಿ. ಈಗ ಚೌಕಾಬಾರದಲ್ಲಿ ಯಾರು ಮೋಸ ಮಾಡಿದರೂ ತೀರ್ಪು ಅವರದೇ. ಕಾಲ ಕಳೆಯೋಕೆ ಆಟ ಕೊಟ್ಟರೆ ಹಿರಿಯರಿಗೆ ಅದು ಗೊತ್ತಾಗಿಬಿಡುತ್ತೆ. ಕೆಲಸ ಕೊಡಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಗೆ ಕಾಳು ನೆನೆಹಾಕಿ ತಟ್ಟೆಗಳನ್ನು ನಡುವೆ ಇಟ್ಟರೆ ಸಾಕು, ಸೊಸೆಯಂದಿರ ವಿಷಯವೂ ಸಿಪ್ಪೆಯೂ ಒಟ್ಟಿಗೇ ಹೊರಬರುತ್ತವೆ.

ಮಾತ್ರೆ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಡಾಕ್ಟರ ಚೀಟಿ ಬೇಕು, ಸ್ಟ್ರಿಪ್ಪಿನಲ್ಲೇ ಇರಬೇಕು. ಸೆರಗಿನ ಗಂಟಿನಲ್ಲಿ ಬಂದ ಬಿಡಿ ಮಾತ್ರೆ ಕೊಡಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಶುಗರ್ ಇಳಿದು ಬೆವರುತ್ತಾರೆ, ತೊದಲುತ್ತಾರೆ. ಅಡುಗೆಯವರಿಗೆ ಇದನ್ನು ದಿನಾ ಹೇಳಬೇಕು. ವ್ಯಾನು ನಾಲ್ಕಕ್ಕೇ ಹೊರಡುತ್ತೆ. ಆರರವರೆಗೆ ಇಟ್ಟುಕೊಳ್ಳಿ ಅಂತ ಕೆಲಸಕ್ಕೆ ಹೋಗುವ ಮಕ್ಕಳು ಕೇಳುತ್ತಾರೆ, ಅವರ ಕಷ್ಟವೂ ನಿಜ. ಆದರೆ ಮರೆವಿನ ಕಾಯಿಲೆಯವರಲ್ಲಿ ಅನೇಕರಿಗೆ ಸಂಜೆಯಾದಂತೆ ಚಡಪಡಿಕೆ ಶುರು. ಒಬ್ಬರು ಎದ್ದು ಬ್ಯಾಗು ಹುಡುಕಿದರೆ ಇಡೀ ಕೋಣೆ ಎದ್ದು ನಿಲ್ಲುತ್ತೆ.

ಇನ್ನು ಲೆಕ್ಕ. ಬಾಡಿಗೆ, ಸಂಬಳ, ವ್ಯಾನು, ಇವು ಕುರ್ಚಿ ಖಾಲಿಯಿದ್ದರೂ ತಪ್ಪಲ್ಲ. ಮೊಮ್ಮಕ್ಕಳು ರಜೆಗೆ ಬಂದರೆ ಏಪ್ರಿಲ್, ಮೇ ಎರಡು ತಿಂಗಳೂ ಅಜ್ಜಿಯರು ಈ ಕಡೆ ತಲೆ ಹಾಕಲ್ಲ. ಅದಕ್ಕೇ ದಿನದ ಲೆಕ್ಕ ಬಿಟ್ಟು ತಿಂಗಳ ಶುಲ್ಕ ಮುಂಗಡವಾಗಿ ತೆಗೆದುಕೊಳ್ಳುತ್ತೇನೆ. ರಜೆ ಹಾಕಿದರೂ ಜಾಗ ಕಾದಿಡೋಕೆ ಅರ್ಧ ಕೊಡಬೇಕು. ಮೊದಮೊದಲು ಮಕ್ಕಳು ಗೊಣಗುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದ ಮಾರನೇ ದಿನ ಅವರದೇ ಫೋನ್ ಬರುತ್ತೆ, "ಅಮ್ಮನ ಜಾಗ ಇದೆ ತಾನೇ?"