ವರ್ಗ ಸಮೀಕರಣ ಕಲಿಸಲು ನನಗೆ ಒದಗಿಬಂದ ಥರ್ಟಿ–ಫಾರ್ಟಿ ಸೈಟು

ಹನುಮಂತನಗರದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಮನೆಪಾಠ ಹೇಳುವ ನಾನು ವರ್ಗ ಸಮೀಕರಣದ ಅಧ್ಯಾಯವನ್ನು ಸೂತ್ರದಿಂದ ಆರಂಭಿಸುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿದ ಮಗು ಲೆಕ್ಕವನ್ನೇನೋ ಬಿಡಿಸುತ್ತದೆ. ಆದರೆ ಅದರಲ್ಲಿ ವರ್ಗಮೂಲ ಎಲ್ಲಿಂದ ಬಂತು ಎಂದು ಕೇಳಿದರೆ ಸುಮ್ಮನಾಗುತ್ತದೆ.

ಬೆಂಗಳೂರಿನ ಮಕ್ಕಳಿಗೆ ಥರ್ಟಿ–ಫಾರ್ಟಿ ಸೈಟು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿಸ್ತೀರ್ಣ 1200 ಚದರಡಿ, ಉದ್ದವು ಅಗಲಕ್ಕಿಂತ 10 ಅಡಿ ಹೆಚ್ಚು, ಹಾಗಾದರೆ ಅಗಲವೆಷ್ಟು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಅವರ ಗಮನವೆಲ್ಲ ಬಿಡಿಸುವ ಕ್ರಮದ ಮೇಲೆಯೇ ನಿಲ್ಲುತ್ತದೆ. ಅಗಲವನ್ನು ‘ಅ’ ಎಂದುಕೊಂಡರೆ ಅ² + 10ಅ = 1200. ಮಧ್ಯಪದವನ್ನು 40 ಮತ್ತು −30 ಎಂದು ಒಡೆದು ಅಪವರ್ತಿಸುವುದು ಅವರಿಗೆ ಬೇಗ ಬರುತ್ತದೆ. ಅಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲುವುದು ಗ್ರಾಫ್ ಹಾಳೆಯ ಮೇಲೆ. 5 ಅಡಿಗೆ 1 ಸೆಂಟಿಮೀಟರಿನಂತೆ ಸೈಟನ್ನು 6 × 8 ಸೆಂಟಿಮೀಟರಿನ ಆಯತವಾಗಿ ಕತ್ತರಿಸಿ, ಅದರಿಂದ 6 × 6ರ ಚೌಕವನ್ನು ಬೇರ್ಪಡಿಸಿ, ಉಳಿದ ಪಟ್ಟಿಯನ್ನು ಉದ್ದುದ್ದ ಎರಡು ಸೀಳಾಗಿಸಿ, ಒಂದನ್ನು ಚೌಕದ ಪಕ್ಕಕ್ಕೂ ಇನ್ನೊಂದನ್ನು ಕೆಳಕ್ಕೂ ಜೋಡಿಸಲು ಹೇಳುತ್ತೇನೆ. ‘ಮಿಸ್, ಮೂಲೆ ಖಾಲಿ ಉಳೀತು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮೂಲೆ 5 × 5, ಅಂದರೆ 25 ಚದರಡಿ. ಅದನ್ನು ಎರಡೂ ಬದಿಗೆ ಕೂಡಿಸಿದರೆ (ಅ + 5)² = 1225; 1225 ಎಂಬುದು 35ರ ವರ್ಗ. ವರ್ಗ ಪೂರ್ಣಗೊಳಿಸುವುದು ಎಂದರೆ ಇಷ್ಟೇ. ಬಾಗ್ದಾದಿನ ಅಲ್ ಖ್ವಾರಿಜ್ಮಿ 9ನೆಯ ಶತಮಾನದಲ್ಲಿ ಅ² + 10ಅ = 39 ಎಂಬುದನ್ನು ಬಿಡಿಸಿದ್ದೂ ಇಂಥದೇ ಚೌಕದಿಂದ.

ಅ + 5 ಎಂಬುದು −35 ಸಹ ಆಗಬಹುದು; ಆಗ ಅ = −40. ಮಕ್ಕಳು ಅದನ್ನು ಕೂಡಲೇ ಹೊಡೆದುಹಾಕಲು ಹೊರಡುತ್ತಾರೆ. ಮೊದಲು ಆದೇಶಿಸಿ ನೋಡಿ ಎನ್ನುತ್ತೇನೆ: 1600 − 400 = 1200. ಸಮೀಕರಣಕ್ಕೆ ಅದು ಮೂಲವೇ ಹೌದು, ಸೈಟಿನ ಅಗಲವಾಗಲು ಮಾತ್ರ ಸಲ್ಲದು. ಈ ವ್ಯತ್ಯಾಸವನ್ನು ತಿಳಿಯದೆ ಮುಂದೆ ಹೋಗಲು ನಾನು ಬಿಡುವುದಿಲ್ಲ.

2ಅ² + 7ಅ + 3 = 0 ಬಂದಾಗ ಭಿನ್ನರಾಶಿಗಳ ಕಾಟ ಶುರುವಾಗುತ್ತದೆ. ಇಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಶ್ರೀಧರಾಚಾರ್ಯರ ವಿಧಾನ. ಎರಡನೆಯ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ ಗ್ರಂಥದಲ್ಲಿ ಉದ್ಧರಿಸಿದ್ದರಿಂದ ಅದು ನಮಗೆ ಉಳಿದಿದೆ. ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ, ಇಲ್ಲಿ 8ರಿಂದ, ಗುಣಿಸಿ, 7ರ ವರ್ಗವನ್ನು ಎರಡೂ ಬದಿಗೆ ಕೂಡಿಸಿದರೆ (4ಅ + 7)² = 49 − 24 = 25. ಮೂಲಗಳು −1/2 ಮತ್ತು −3. ಭಿನ್ನರಾಶಿ ಕಾಣಿಸಿಕೊಂಡದ್ದು ಕೊನೆಯ ಸಾಲಿನಲ್ಲಿ ಮಾತ್ರ.

ಬಳಿಕ ಕೊನೆಯ 3ನ್ನು ಅಳಿಸಿ 7 ಎಂದು ಬರೆಯುತ್ತೇನೆ. ಬಲಬದಿ 49 − 56, ಅಂದರೆ −7 ಆಗುತ್ತದೆ, ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗದೆಂದು ಮಕ್ಕಳೇ ಪೆನ್ನು ನಿಲ್ಲಿಸುತ್ತಾರೆ. ಈ ಬಲಬದಿಯ ಸಂಖ್ಯೆಗಿರುವ ಶೋಧಕ ಎಂಬ ಹೆಸರನ್ನೂ ಸೂತ್ರವನ್ನೂ ನಾನು ಹಲಗೆಯ ಮೇಲೆ ಬರೆಯುವುದು ಆಗಲೇ.