ಬಾವಿಗೆ ಬಿದ್ದದ್ದು ಮುದುಕನೋ, ಕೊಡವೋ?

ಕರಡು ತಿದ್ದುವ ಕೆಲಸದಲ್ಲಿ ಕಾಗುಣಿತದ ತಪ್ಪು ಹಿಡಿಯುವುದು ಸುಲಭ. ಕಣ್ಣು ಪಳಗಿದರೆ ಸಾಕು, ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ. ಜಾಸ್ತಿ ಕಷ್ಟ ಕೊಡುವುದು ಬೇರೆ ಥರದ ವಾಕ್ಯ. ಅದರಲ್ಲಿ ಕಾಗುಣಿತ ಸರಿ, ವ್ಯಾಕರಣವೂ ಸರಿ. ಆದರೂ ಓದುಗರು ಒಂದು ಕಡೆ ಹೋದರೆ ಅರ್ಥ ಇನ್ನೊಂದು ಕಡೆ ಇರುತ್ತದೆ. ಇದನ್ನು ನೋಡಿ:

'ಮುದುಕ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಿದ.'

'ಮುದುಕ ಬಾವಿಗೆ ಬಿದ್ದ' ಅನ್ನುವಷ್ಟರಲ್ಲೇ ಮನಸ್ಸು 'ಅಯ್ಯೋ ಪಾಪ' ಅಂದುಬಿಟ್ಟಿರುತ್ತದೆ. ಆಮೇಲೆ 'ಕೊಡವನ್ನು' ಅಂತ ಬರುತ್ತದೆ. ಈಗ ಮುದುಕನನ್ನು ಬಾವಿಯಿಂದ ಆಚೆ ತಂದು ನಿಲ್ಲಿಸಿ, ಅವನ ಜಾಗದಲ್ಲಿ ಕೊಡವನ್ನು ಬೀಳಿಸಬೇಕು. ಅರೆಗಳಿಗೆಯ ಕೆಲಸ, ನಿಜ. ಆದರೆ ಪುಟಕ್ಕೆ ಇಂಥವು ನಾಲ್ಕು ಬಂದರೆ ಓದುಗರು ಸುಸ್ತಾಗುತ್ತಾರೆ. ಯಾಕೆ ಸುಸ್ತಾಯಿತು ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ.

ಎಡವಟ್ಟು ಇರುವುದು 'ಬಿದ್ದ' ಅನ್ನುವಲ್ಲಿ. 'ಅವನು ಬಿದ್ದ' ಅಂದರೆ ಮಾತು ಮುಗಿಯಿತು. 'ಬಿದ್ದ ಕೊಡ' ಅಂದರೆ ಮುಗಿಯಲಿಲ್ಲ, ಅದು ಮುಂದಿನ ನಾಮಪದಕ್ಕೆ ಅಂಟಿಕೊಂಡಿತು. ಎರಡೂ ಕಡೆ ರೂಪ ಒಂದೇ. 'ಬಿದ್ದನು' ಅಂತ ಬರೆಯುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಈಗ ಆ 'ನು' ಬಿಟ್ಟು ಬರೆಯುವುದೇ ಹೆಚ್ಚು, ಓದಲು ಹಿತವಾಗಿರುವುದೂ ಅದೇ. ಅದಕ್ಕೆ ಕೊಡಬೇಕಾದ ಬೆಲೆ ಇದು.

ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಮುದುಕನ ಜಾಗದಲ್ಲಿ ಮುದುಕಿಯನ್ನು ಇಟ್ಟು ನೋಡುತ್ತೇನೆ. 'ಮುದುಕಿ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಿದಳು.' ಎಲ್ಲೂ ಎಡವುವುದಿಲ್ಲ, ಅಲ್ವಾ? ಮುದುಕಿ ಬಿದ್ದಿದ್ದರೆ 'ಬಿದ್ದಳು' ಅಂತ ಇರಬೇಕಿತ್ತು. ಹಾಗಿಲ್ಲ, ಅಂದಮೇಲೆ ಬಿದ್ದದ್ದು ಅವಳಲ್ಲ. ಬಹುವಚನ ಹಾಕಿದರೂ ಅಷ್ಟೇ. 'ಪೇದೆಗಳು ಓಡಿಹೋಗುತ್ತಿದ್ದ ಕಳ್ಳನನ್ನು ಹಿಡಿದರು' ಸಲೀಸಾಗಿ ಓದಿಸಿಕೊಳ್ಳುತ್ತದೆ. 'ಪೇದೆ ಓಡಿಹೋಗುತ್ತಿದ್ದ ಕಳ್ಳನನ್ನು ಹಿಡಿದ' ಅಂದರೆ ಮೊದಲು ಪೇದೆಯೇ ಓಡಿಹೋಗುತ್ತಾನೆ. ಅಂದರೆ ಈ ಬಲೆಗೆ ಬೀಳುವುದು ಏಕವಚನದಲ್ಲಿ ಬರುವ ಗಂಡಸು ಮಾತ್ರ. ಕಥೆ, ಕಾದಂಬರಿಗಳ ಕರಡಿನಲ್ಲಿ ಇದು ಜಾಸ್ತಿ ಸಿಗುತ್ತದೆ. ಅಲ್ಲಿ ಎಲ್ಲರೂ 'ಬಂದ, ಹೋದ, ನೋಡಿದ' ಅಂತಲೇ ಇರುತ್ತಾರೆ.

ಮದ್ದು ಸರಳ. ಕರ್ತೃವನ್ನು ಅದರ ಕ್ರಿಯಾಪದದ ಪಕ್ಕಕ್ಕೆ ತಂದು ಕೂರಿಸುವುದು: 'ಬಾವಿಗೆ ಬಿದ್ದ ಕೊಡವನ್ನು ಮುದುಕ ಮೇಲೆತ್ತಿದ.' ಕೆಲವರು 'ಮುದುಕ' ಆದಮೇಲೆ ಒಂದು ಅಲ್ಪವಿರಾಮ ಹಾಕಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಪವಿರಾಮ ಯಾರ ಕೈಯಲ್ಲಾದರೂ ಉದುರಿಹೋಗಬಹುದು. ಪದದ ಜಾಗ ಹಾಗೆ ಉದುರುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳಿವೆ, ಹಾಗಾಗಿ ಪದಗಳನ್ನು ಬೇಕಾದಂತೆ ಸರಿಸಬಹುದು. ಇಷ್ಟು ಸವಲತ್ತು ಇಟ್ಟುಕೊಂಡು ಅಲ್ಪವಿರಾಮಕ್ಕೆ ಯಾಕೆ ಜೋತುಬೀಳಬೇಕು?

ಇಂಗ್ಲಿಷಿನವರಿಗೂ ಇದೇ ಗೋಳು. ಥಾಮಸ್ ಬೆವರ್ ಅನ್ನುವ ಮನೋಭಾಷಾ ವಿಜ್ಞಾನಿ 1970ರಲ್ಲಿ ಕೊಟ್ಟ ಉದಾಹರಣೆ ಈಗಲೂ ಪ್ರಸಿದ್ಧ: 'ದಿ ಹಾರ್ಸ್ ರೇಸ್ಡ್ ಪಾಸ್ಟ್ ದಿ ಬಾರ್ನ್ ಫೆಲ್'. 'ಕುದುರೆ ಕೊಟ್ಟಿಗೆ ದಾಟಿ ಓಡಿತು' ಅಂತ ಓದಿ ಮುಗಿಸುವಾಗ ಕೊನೆಗೆ 'ಬಿತ್ತು' ಅಂತ ಇನ್ನೊಂದು ಕ್ರಿಯಾಪದ ಎದುರಾಗುತ್ತದೆ. ಅಲ್ಲಿಯ 'ರೇಸ್ಡ್' ನಮ್ಮ 'ಬಿದ್ದ'ನ ಥರದ್ದೇ. ಓಡಿತು ಅಂತಲೂ ಆಗುತ್ತದೆ, ಯಾರೋ ಓಡಿಸಿದ ಅಂತಲೂ ಆಗುತ್ತದೆ. 'ಕೊಟ್ಟಿಗೆ ದಾಟಿ ಓಡಿಸಿದ ಕುದುರೆ ಬಿತ್ತು' ಅನ್ನುವುದು ಸರಿಯಾದ ಅರ್ಥ. 1982ರಲ್ಲಿ ಲಿನ್ ಫ್ರೇಜಿಯರ್ ಮತ್ತು ಕೀತ್ ರೇನರ್ ಅನ್ನುವ ಸಂಶೋಧಕರು ಇಂಥ ವಾಕ್ಯಗಳನ್ನು ಓದುವವರ ಕಣ್ಣಿನ ಚಲನೆ ಅಳೆದರು. ಗುಟ್ಟು ಬಯಲಾಗುವ ಪದದ ಹತ್ತಿರ ಕಣ್ಣು ನಿಧಾನವಾಗುತ್ತದೆ, ಎಷ್ಟೋ ಸಲ ಹಿಂದಕ್ಕೂ ಹೋಗುತ್ತದೆ.

ಆ ಹಿಂದಕ್ಕೆ ಹೋಗುವ ಕಣ್ಣನ್ನೇ ನಾನು ಉಪಯೋಗಿಸಿಕೊಳ್ಳುತ್ತೇನೆ. ಮೊದಲ ಓದಿನಲ್ಲಿ ಏನನ್ನೂ ತಿದ್ದುವುದಿಲ್ಲ. ಕಣ್ಣು ಎಲ್ಲಿ ವಾಪಸ್ ಹೋಯಿತೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತೇನೆ. ಎರಡನೇ ಓದಿಗೆ ಇದು ಕೈಕೊಡುತ್ತದೆ, ಯಾಕೆಂದರೆ ಅಷ್ಟರಲ್ಲಿ ಅರ್ಥ ಗೊತ್ತಾಗಿರುತ್ತದೆ. ಬರೆದವರಿಗೆ ತಮ್ಮ ವಾಕ್ಯದ ತೊಡಕು ಕಾಣದಿರುವುದೂ ಇದೇ ಕಾರಣಕ್ಕೆ.

ಇಷ್ಟು ಹೇಳಿದರೂ, ಎಡವಿಸುವ ವಾಕ್ಯದ ಬಗ್ಗೆ ನನಗೆ ಅಷ್ಟೇನೂ ಭಯವಿಲ್ಲ. ಎಡವಿದವರು ಸಾವರಿಸಿಕೊಂಡು ಸರಿಯಾದ ಅರ್ಥಕ್ಕೆ ಬರುತ್ತಾರೆ. ಭಯ ಇರುವುದು ನುಣ್ಣಗೆ ಓದಿಸಿಕೊಳ್ಳುವ ವಾಕ್ಯದ ಬಗ್ಗೆ.

'ಕಳೆದುಹೋದ ಹುಡುಗನ ಚೀಲ ಸಿಕ್ಕಿದೆ.'

ಹುಡುಗ ಕಾಣೆಯಾಗಿದ್ದಾನೆ, ಅವನ ಚೀಲ ಸಿಕ್ಕಿದೆ ಅಂತ ಒಬ್ಬರು ಗಾಬರಿಯಾಗುತ್ತಾರೆ. ಹುಡುಗ ಆರಾಮಾಗಿದ್ದಾನೆ, ಕಳೆದಿದ್ದ ಚೀಲ ಸಿಕ್ಕಿತು ಅಂತ ಇನ್ನೊಬ್ಬರು ಸಮಾಧಾನಪಡುತ್ತಾರೆ. ಇಬ್ಬರ ಕಣ್ಣೂ ಹಿಂದಕ್ಕೆ ಹೋಗುವುದಿಲ್ಲ. ಇಬ್ಬರಿಗೂ ಅನುಮಾನವೇ ಬರುವುದಿಲ್ಲ. ಇಲ್ಲಿ ನನ್ನ ಚುಕ್ಕೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ವಿಶೇಷಣದ ಮುಂದೆ 'ಇಂಥವರ ಇಂಥದ್ದು' ಅಂತ ಎರಡು ನಾಮಪದ ಸಾಲಾಗಿ ಬಂದ ಕಡೆಯೆಲ್ಲ ಸುಮ್ನೆ ನಿಂತು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಇಂಥ ಕಡೆ ಓದುಗರು ಯಾವ ನಾಮಪದ ಹಿಡಿಯುತ್ತಾರೆ ಅನ್ನುವುದು ಭಾಷೆಯಿಂದ ಭಾಷೆಗೆ ಬದಲಾಗಬಹುದು ಅಂತ ಕ್ವೆಟೋಸ್ ಮತ್ತು ಮಿಚೆಲ್ ಅನ್ನುವ ಸಂಶೋಧಕರು 1988ರಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಓದುಗರನ್ನು ಹೋಲಿಸಿ ತೋರಿಸಿದರು. ಓದುಗರು ತಾವಾಗಿಯೇ ಸರಿಯಾದದ್ದನ್ನು ಹಿಡಿಯುತ್ತಾರೆ ಅಂತ ನಂಬಿ ಕೂರುವಂತಿಲ್ಲ. 'ಹುಡುಗನ ಕಳೆದುಹೋದ ಚೀಲ ಸಿಕ್ಕಿದೆ' ಅಂದರೆ ಒಂದು ಅರ್ಥ ಗಟ್ಟಿಯಾಯಿತು. ಇನ್ನೊಂದಕ್ಕೆ 'ಹುಡುಗ ಕಾಣೆಯಾಗಿದ್ದಾನೆ. ಅವನ ಚೀಲ ಸಿಕ್ಕಿದೆ' ಅಂತ ಎರಡು ವಾಕ್ಯವೇ ವಾಸಿ.

'ಅನ್ನು' ಪ್ರತ್ಯಯ ಬಿಡುವುದರಿಂದಲೂ ಇಂಥದೇ ಆಗುತ್ತದೆ. 'ನೀರು ಕುಡಿದೆ' ಅಂದಾಗ ಯಾರೂ ತಪ್ಪು ತಿಳಿಯುವುದಿಲ್ಲ. ನೀರು ನಮ್ಮನ್ನು ಕುಡಿಯುವುದಿಲ್ಲವಲ್ಲ. ಆದರೆ 'ಹುಲಿ ಕೊಂದ ಬೇಟೆಗಾರ' ಅಂತ ಬರೆದರೆ ಸತ್ತವರು ಯಾರು? ಇಬ್ಬರಿಗೂ ಕೊಲ್ಲುವ ಶಕ್ತಿ ಇದ್ದಾಗ 'ಹುಲಿಯನ್ನು ಕೊಂದ' ಅಂತಲೋ 'ಹುಲಿಗೆ ಬಲಿಯಾದ' ಅಂತಲೋ ಬಿಡಿಸಿ ಬರೆಯಲೇಬೇಕು. ಪತ್ರಿಕೆಯ ತಲೆಬರಹಗಳಲ್ಲಿ ಜಾಗ ಉಳಿಸಲು ಮೊದಲು ಹಾರಿಹೋಗುವುದು ಈ ಪ್ರತ್ಯಯಗಳೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟಿರುವುದು ಕೊನೆಯಲ್ಲಿ ಕೂರುವ 'ಇಲ್ಲ'. 'ಅವನ ಹಾಗೆ ನಾನು ಸುಳ್ಳು ಹೇಳುವುದಿಲ್ಲ.' ಅವನು ಸುಳ್ಳು ಹೇಳುವವನೋ, ಹೇಳದವನೋ? ಹೊಗಳಿಕೆಯೂ ಆಗಬಹುದು, ಬೈಗುಳವೂ ಆಗಬಹುದು. 'ಹೆದರಿ ಓಡಿಹೋಗಲಿಲ್ಲ.' ಹೆದರಿಕೆಯಿಂದ ಅಲ್ಲೇ ನಿಂತನೋ? ಓಡಿದ್ದು ನಿಜ, ಆದರೆ ಕಾರಣ ಬೇರೆಯೋ? 'ಎಲ್ಲ ಅರ್ಜಿಗಳನ್ನು ಪರಿಶೀಲಿಸಿಲ್ಲ.' ಒಂದನ್ನೂ ನೋಡಿಲ್ಲವೋ, ಕೆಲವು ಬಾಕಿಯೋ? ಮಾತಿನಲ್ಲಿ ದನಿ ಏರಿಸಿ ಇಳಿಸಿ ಇದನ್ನು ಸರಿಮಾಡಿಕೊಳ್ಳುತ್ತೇವೆ. ಬರಹದಲ್ಲಿ ದನಿ ಇಲ್ಲ. 'ಯಾವ ಅರ್ಜಿಯನ್ನೂ ಪರಿಶೀಲಿಸಿಲ್ಲ', 'ಕೆಲವು ಅರ್ಜಿಗಳನ್ನು ಮಾತ್ರ ಪರಿಶೀಲಿಸಿದೆ' ಅಂತ ಬೇರೆ ಬೇರೆಯಾಗಿಯೇ ಹೇಳಬೇಕು.

ಉದ್ದನೆಯ ವಾಕ್ಯ ಬಂದಾಗ ನಾನು ಬಾಲದಿಂದ ತಲೆಯ ಕಡೆಗೆ ಹೋಗುತ್ತೇನೆ. ಇದನ್ನು ತೆಗೆದುಕೊಳ್ಳಿ:

'ಕಳೆದ ವರ್ಷ ನಿವೃತ್ತರಾದ ಮುಖ್ಯ ಶಿಕ್ಷಕರ ಮಗ ಬರೆದ ಪುಸ್ತಕ ಓದಿದ ವಿದ್ಯಾರ್ಥಿಗಳಿಗೆ ಬಹುಮಾನ ಕೊಡಲಿಲ್ಲ.'

ಕೊನೆಯಲ್ಲಿ 'ಕೊಡಲಿಲ್ಲ'. ಯಾರು ಕೊಡಲಿಲ್ಲ? ವಾಕ್ಯದಲ್ಲಿ ಇಲ್ಲ, ಹಾಗಾಗಿ ಅಂಚಿನಲ್ಲಿ ಒಂದು ಪ್ರಶ್ನೆ. 'ಓದಿದ'ದಿಂದ 'ವಿದ್ಯಾರ್ಥಿಗಳಿಗೆ' ಒಂದು ಕಮಾನು ಎಳೆದೆ. 'ಬರೆದ'ದಿಂದ 'ಪುಸ್ತಕ'ಕ್ಕೆ ಇನ್ನೊಂದು. 'ನಿವೃತ್ತರಾದ' ಯಾರಿಗೆ, ಶಿಕ್ಷಕರಿಗೋ ಮಗನಿಗೋ? ಇಲ್ಲಿ ಗೌರವದ ಬಹುವಚನ ಕಾಪಾಡಿತು. ಮಗನಾಗಿದ್ದರೆ 'ನಿವೃತ್ತನಾದ' ಅಂತ ಇರುತ್ತಿತ್ತು. ಉಳಿದದ್ದು 'ಕಳೆದ ವರ್ಷ'. ಇದು ಯಾವ ಕ್ರಿಯೆಗೆ ಬೇಕಾದರೂ ಅಂಟುತ್ತದೆ. ನಿವೃತ್ತರಾದದ್ದೋ, ಬರೆದದ್ದೋ, ಓದಿದ್ದೋ, ಕೊಡದೇ ಇದ್ದದ್ದೋ? 'ಸೋಮವಾರ ಬರುತ್ತೇನೆ ಎಂದು ಹೇಳಿದರು' ಅನ್ನುವುದೂ ಇದೇ ಜಾತಿ. ಕಾಲ ಹೇಳುವ ಪದಕ್ಕೆ ಪ್ರತ್ಯಯದ ಲಂಗರು ಇರುವುದಿಲ್ಲ, ಅದು ತೇಲುತ್ತಿರುತ್ತದೆ. ಅದನ್ನು ಅದರ ಕ್ರಿಯೆಯ ಪಕ್ಕದಲ್ಲೇ ಕಟ್ಟಿಹಾಕಬೇಕು. ನಿವೃತ್ತರಾದದ್ದೇ ಕಳೆದ ವರ್ಷ ಅಂತ ಲೇಖಕರು ಹೇಳಿದರೆ, ಈ ವಾಕ್ಯವನ್ನು ನಾನಾದರೆ ಮೂರು ಮಾಡುತ್ತೇನೆ: 'ಮುಖ್ಯ ಶಿಕ್ಷಕರು ಕಳೆದ ವರ್ಷ ನಿವೃತ್ತರಾದರು. ಅವರ ಮಗ ಒಂದು ಪುಸ್ತಕ ಬರೆದಿದ್ದಾನೆ. ಅದನ್ನು ಓದಿದ ವಿದ್ಯಾರ್ಥಿಗಳಿಗೆ' — ಇಲ್ಲಿ ನಿಲ್ಲಿಸಿ, 'ಯಾರು ಬಹುಮಾನ ಕೊಡಲಿಲ್ಲ?' ಅಂತ ಲೇಖಕರನ್ನು ಕೇಳುತ್ತೇನೆ.

ಹೀಗೆ ಕೇಳುವುದಕ್ಕೂ ಒಂದು ಕ್ರಮ ಇದೆ. 'ಇದು ಅಸ್ಪಷ್ಟವಾಗಿದೆ' ಅಂತ ಬರೆದು ಕಳಿಸಿದರೆ 'ಎಲ್ಲಿ? ಸರಿಯಾಗೇ ಇದೆಯಲ್ಲ' ಅಂತ ಉತ್ತರ ಬರುತ್ತದೆ. ಅವರಿಗೆ ಕಾಣುವುದು ಒಂದೇ ಅರ್ಥ. ಹಾಗಾಗಿ ಎರಡು ಅರ್ಥಗಳನ್ನೂ ಎರಡು ಪೂರ್ತಿ ವಾಕ್ಯ ಮಾಡಿ ಬರೆದು, 'ಇದೋ, ಅದೋ?' ಅಂತ ಕೇಳುತ್ತೇನೆ. ನಾನೇ ಒಂದನ್ನು ಆರಿಸಿಬಿಡುವುದಿಲ್ಲ. ಪಕ್ಕದವರಿಗೆ ಓದಲು ಕೊಟ್ಟಾಗಲೂ 'ಅರ್ಥವಾಯಿತಾ?' ಅಂತ ಕೇಳುವುದಿಲ್ಲ. ಎಲ್ಲರೂ ಹೂಂ ಅನ್ನುತ್ತಾರೆ. 'ಯಾರು ಬಿದ್ದರು?' ಅಂತಲೇ ಕೇಳಬೇಕು.

ಎರಡು ಅರ್ಥ ಬರುವುದನ್ನೆಲ್ಲ ತಿದ್ದುತ್ತಾ ಕೂತರೆ ಬರಹ ಒಣಗಿಹೋಗುತ್ತದೆ. 'ಬಿಸಿ ಕಾಫಿ ಲೋಟ' ಅಂದರೆ ಬಿಸಿ ಯಾವುದಕ್ಕೆ ಅಂತ ಯಾರೂ ಜಗಳ ತೆಗೆಯುವುದಿಲ್ಲ. ಪದ್ಯದ ತಂಟೆಗೆ ನಾನು ಹೋಗುವುದೇ ಇಲ್ಲ. ಪ್ರಕಟಣೆ, ನಿಯಮ, ಕರಾರುಪತ್ರದಲ್ಲಿ ಮಾತ್ರ ಬಿಡುವುದಿಲ್ಲ. 'ಬಡ ವಿದ್ಯಾರ್ಥಿಗಳು ಮತ್ತು ಮಹಿಳೆಯರಿಗೆ ಶುಲ್ಕವಿಲ್ಲ' ಅಂತಿದ್ದರೆ 'ಮಹಿಳೆಯರಿಗೆ ಮತ್ತು ಬಡ ವಿದ್ಯಾರ್ಥಿಗಳಿಗೆ' ಅಂತ ಜಾಗ ಅದಲುಬದಲು ಮಾಡಬಹುದಾ ಅಂತ ಕೇಳುತ್ತೇನೆ. ಹಾಗೆ ಬರೆದರೆ ಎಲ್ಲ ಮಹಿಳೆಯರಿಗೂ ಶುಲ್ಕವಿಲ್ಲ ಅಂತ ಖಚಿತವಾಗುತ್ತದೆ. ಬಡ ಮಹಿಳೆಯರಿಗಷ್ಟೇ ಅನ್ನುವುದಾದರೆ 'ಬಡ' ಎರಡು ಸಲ ಬರಬೇಕು. ಹೆಚ್ಚಿನವರು ಯಾವುದೋ ಒಂದನ್ನು ಥಟ್ಟನೆ ಹೇಳುತ್ತಾರೆ. ಕೆಲವರು ಮಾತ್ರ ಸ್ವಲ್ಪ ಯೋಚಿಸಿ, 'ಅದು ಹಾಗೇ ಇರಲಿ ಬಿಡಿ' ಅನ್ನುತ್ತಾರೆ.