ಕರಾಟೆ ಡ್ರೆಸ್ ತಗೊಳೋ ಮುಂಚೆ ಇಷ್ಟು ನೋಡ್ಕೊಳಿ

ಮೊದ್ಲು ಬಟ್ಟೆ ತೂಕ (ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಅಂತ) ಕೇಳಿ, 8 ಔನ್ಸ್ ಅಂದ್ರೆ ತೆಳು, ಸೆಕೆಗೂ ಕುಮಿತೆಗೂ (ಎದುರಾಳಿ ಜೊತೆ ಆಡೋ ಫೈಟ್) ಆರಾಮ, 12-14 ಔನ್ಸಿನ ದಪ್ಪ ಕ್ಯಾನ್ವಾಸ್ ಆದ್ರೆ ಕಟಾ (ಒಬ್ರೇ ಕ್ರಮವಾಗಿ ಮಾಡೋ ಪಟ್ಟುಗಳು) ಮಾಡೋವಾಗ ಪಂಚ್‌ಗೆ ಪಟ್ ಅಂತ ಸೌಂಡ್ ಬರುತ್ತೆ, ಕೇಳೋಕೆ ಮಜಾ, ಆದ್ರೆ ಮಳೆಗಾಲದಲ್ಲಿ ಒಣಗ್ಸೋರ ಕಷ್ಟ ಅವರಿಗೇ ಗೊತ್ತು. ಪೂರ್ತಿ ಕಾಟನ್ ಒಗೆದ್ಮೇಲೆ ಸ್ವಲ್ಪ ಕುಗ್ಗುತ್ತೆ, ಅದಕ್ಕೆ ಎತ್ತರ ಸೆಂಟಿಮೀಟರಲ್ಲಿ ಅಳೆದು ಒಂದು ಸೈಜ್ ದೊಡ್ಡದೇ ತಗೊಳಿ. ಒಳಗಡೆ ತಿರುಗಿಸಿ ಹೊಲಿಗೆ ನೋಡಿ, ಕಂಕುಳು ಮತ್ತೆ ಪ್ಯಾಂಟಿನ ತೊಡೆಸಂದಿ ಇವೆರಡೇ ಬೇಗ ಹರಿಯೋ ಜಾಗ, ಅಲ್ಲಿ ಡಬಲ್ ಹೊಲಿಗೆ ಇರ್ಲೇಬೇಕು. ಹಾಕ್ಕೊಂಡು ಅಲ್ಲೇ ಒಂದು ಮಾವಾಶಿ ಗೆರಿ (ಪಕ್ಕದಿಂದ ಕಾಲು ತಿರುಗಿಸಿ ಹೊಡೆಯೋ ಕಿಕ್) ಒದ್ದು ನೋಡಿ, ಅಂಗಡಿಯೋರು ನಕ್ರೆ ನಗ್ಲಿ. ಜೂಡೋ ಡ್ರೆಸ್ ಕೊಟ್ರೆ ಬೇಡ ಅನ್ನಿ, ಅದು ಹಿಡಿದು ಎಳೆಯೋಕೆ ಅಂತ ದಪ್ಪ ನೇಯ್ದಿರೋದು. ಮತ್ತೆ ಬ್ಲೀಚ್ ಹಾಕ್ಬೇಡಿ, ಬಟ್ಟೆ ಬೇಗ ಲಡ್ಡಾಗುತ್ತೆ.